ಮನೆ ಕಟ್ಟಿಸುವಾಗ ನಕ್ಷೆಗಳನ್ನೂ ಕಾಗದಪತ್ರಗಳನ್ನೂ ಹೇಗೆ ಜೋಡಿಸಿಟ್ಟುಕೊಳ್ಳಬೇಕು?

ಪ್ರಶ್ನೆ (ಮನೆಯ ಮಾಲೀಕ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಈಗ ಪಾಯದ ಕೆಲಸ ನಡೆಯುತ್ತಿದೆ. ಮೆಟ್ಟಿಲಿನ ಪಕ್ಕದ ಕಾಲಂ 9×15 ಇಂಚಿನದು. ಮೊದಲ ನಕ್ಷೆಯಲ್ಲಿ ಅದರ ಉದ್ದದ ಬದಿ ಪೂರ್ವ–ಪಶ್ಚಿಮವಾಗಿತ್ತು, ಮೆಟ್ಟಿಲಿನ ಅಗಲ ಬದಲಾದ ಮೇಲೆ ಬಂದ ತಿದ್ದುಪಡಿಯಲ್ಲಿ ಉತ್ತರ–ದಕ್ಷಿಣವಾಯಿತು. ಕಂಬಿ ಕಟ್ಟುವವರ ಕೈಯಲ್ಲಿ ಹಳೆಯ ಹಾಳೆಯೇ ಇದ್ದುದರಿಂದ ಅವರು ಅದರಂತೆಯೇ ಕಂಬಿ ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ಕಾಂಕ್ರೀಟ್ ಸುರಿಯಬೇಕಿತ್ತು. ಹಿಂದಿನ ಸಂಜೆ ನನ್ನ ಪತ್ನಿ ಮೊಬೈಲಿನಲ್ಲಿದ್ದ ಹೊಸ ನಕ್ಷೆಯ ಜೊತೆ ಹೋಲಿಸಿ ನೋಡದೇ ಇದ್ದಿದ್ದರೆ ಅದು ಹಾಗೆಯೇ ನಿಂತುಬಿಡುತ್ತಿತ್ತು. ಕಂಬಿ ಬಿಚ್ಚಿ ಮತ್ತೆ ಕಟ್ಟಿಸಿದ್ದಾಯಿತು, ಆದರೆ ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಮನೆಯಲ್ಲಿ ಒಂದೇ ಚೀಲದಲ್ಲಿ ಕ್ರಯಪತ್ರ, ಖಾತಾ, ಮಂಜೂರಾದ ನಕ್ಷೆ, ಎಂಜಿನಿಯರ್ ಕೊಟ್ಟ ಹಾಳೆಗಳು, ಸಿಮೆಂಟಿನ ಬಿಲ್ಲುಗಳು, ಮೇಸ್ತ್ರಿಗೆ ಕೊಟ್ಟ ಮುಂಗಡದ ಚೀಟಿಗಳು ಎಲ್ಲವೂ ಸೇರಿಕೊಂಡಿವೆ. ಉಳಿದ ನಕ್ಷೆಗಳು ವಾಟ್ಸ್ಆ್ಯಪ್‌ನಲ್ಲಿ ಚದುರಿ ಹೋಗಿವೆ. ಇವನ್ನು ಯಾವ ಕ್ರಮದಲ್ಲಿ ಇಟ್ಟುಕೊಳ್ಳಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಸ್ಟ್ರಕ್ಚರಲ್ ಎಂಜಿನಿಯರ್, ಹುಬ್ಬಳ್ಳಿ)

ಕಾಂಕ್ರೀಟ್ ಬೀಳುವ ಮುನ್ನವೇ ನಿಮ್ಮ ಶ್ರೀಮತಿಯವರು ಅದನ್ನು ಗಮನಿಸಿದ್ದು ದೊಡ್ಡ ಉಪಕಾರವಾಯಿತು. ಕಾಲಂ ತಿರುಗಿದರೆ ಅದರ ಮೇಲೆ ಕೂರುವ ಬೀಮ್‌ನ ಲೆಕ್ಕವೂ ತಿರುಗುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಾಳೆಯ ಬಲಗಡೆ ಕೆಳಮೂಲೆಯ ಚೌಕವನ್ನು. ನಕ್ಷೆಯ ಸಂಖ್ಯೆ, ದಿನಾಂಕ, ಸ್ಕೇಲ್ ಮತ್ತು ತಿದ್ದುಪಡಿಯ ಗುರುತು (ಆರ್0, ಆರ್1, ಆರ್2 ಎಂದು) ಅಲ್ಲಿರುತ್ತವೆ. ನಿಮ್ಮ ಎಂಜಿನಿಯರ್ ಈ ಗುರುತು ಹಾಕದೆ ಹಾಳೆ ಕೊಡುತ್ತಿದ್ದರೆ, ಹಾಕಿಯೇ ಕೊಡಬೇಕೆಂದು ಸಂಕೋಚವಿಲ್ಲದೆ ಕೇಳಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಯಾವ ನಕ್ಷೆಯ ಯಾವ ತಿದ್ದುಪಡಿ ಯಾವ ದಿನ ಯಾರ ಕೈಗೆ ಹೋಯಿತೆಂದು ಬರೆದು, ಪಡೆದವರ ಸಹಿ ಹಾಕಿಸಿ. ಹೊಸ ಹಾಳೆಯನ್ನು ಕೊಡುವುದು ಹಳೆಯ ಹಾಳೆ ಕೈಗೆ ಬಂದ ಮೇಲೆಯೇ. ಈ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿದ್ದರೆ ನಿಮ್ಮ ಕಾಲಂ ತಿರುಗುತ್ತಲೇ ಇರಲಿಲ್ಲ. ವಾಪಸು ಬಂದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದು ಮನೆಯಲ್ಲಿಡಿ, ಸೈಟಿನಲ್ಲಿ ಬೇಡ.

ವಾಟ್ಸ್ಆ್ಯಪ್‌ನಲ್ಲಿ ನಕ್ಷೆಯ ಫೋಟೋ ಬಂದರೆ ಅದನ್ನು ಕೆಲಸಕ್ಕೆ ಬಳಸಬೇಡಿ. ಪಿಡಿಎಫ್ ಅನ್ನೇ ಕೇಳಿ ಪಡೆಯಿರಿ. ಫೋಟೋ ಕುಗ್ಗಿ ಬರುವುದರಿಂದ 8 ಎಂ.ಎಂ. ಕಂಬಿಯೋ 10 ಎಂ.ಎಂ. ಕಂಬಿಯೋ ಎಂಬುದು ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಎ1 ಹಾಳೆಗೆಂದು 1:50 ಸ್ಕೇಲಿನಲ್ಲಿ ಬರೆದ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ಕುಗ್ಗಿಸಿ ತೆಗೆದರೆ ಅದು 1:100 ಆಗಿಬಿಡುತ್ತದೆ, ಆದರೆ ಮೂಲೆಯಲ್ಲಿ ಮಾತ್ರ 1:50 ಎಂದೇ ಉಳಿದಿರುತ್ತದೆ. ಆದ್ದರಿಂದ ನಕ್ಷೆಯ ಮೇಲೆ ಬರೆದ ಅಂಕಿಯನ್ನು ಓದಬೇಕೇ ಹೊರತು ಸ್ಕೇಲ್ ಇಟ್ಟು ಅಳೆಯಬಾರದು ಎಂದು ಮೇಸ್ತ್ರಿಗೆ ತಿಳಿಹೇಳಿ.

ಮಂಜೂರಾದ ನಕ್ಷೆಯೇ ಬೇರೆ, ಕೆಲಸದ ನಕ್ಷೆಯೇ ಬೇರೆ. ಮೊದಲನೆಯದರಲ್ಲಿ ಸುತ್ತ ಬಿಡಬೇಕಾದ ಜಾಗ, ಎತ್ತರ, ಮಹಡಿಗಳು ಇರುತ್ತವೆ. ಕಂಬಿಯ ವಿವರ ಇರುವುದು ಎರಡನೆಯದರಲ್ಲಿ. ಆದರೆ ಎರಡನೆಯದು ಮೊದಲನೆಯದರ ಗೆರೆ ದಾಟಬಾರದು. ಕಾಮಗಾರಿ ಮುಗಿಯುವವರೆಗೂ ಮಂಜೂರಾದ ನಕ್ಷೆಯ ಪ್ರತಿಯನ್ನು ಸೈಟಿನಲ್ಲಿ ಪ್ರದರ್ಶಿಸಬೇಕೆಂದೂ, ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದೂ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಹಾಗಾಗಿ ಆ ಪ್ರತಿಯನ್ನು ಪ್ಲೈವುಡ್ ಹಲಗೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸಿಮೆಂಟ್ ಶೆಡ್ಡಿನ ಗೋಡೆಗೆ ತೂಗುಹಾಕಿ. ಕಂಬಿಯ ಟೆಸ್ಟ್ ಸರ್ಟಿಫಿಕೇಟ್ ಮತ್ತು 7 ದಿನ, 28 ದಿನಗಳ ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಘನಾಕಾರದ ಮಾದರಿಯನ್ನು ಒತ್ತಿ ಅದರ ಬಲ ನೋಡುವ ಪರೀಕ್ಷೆ) ವರದಿಗಳನ್ನು ಬಿಲ್ಲುಗಳೊಂದಿಗೆ ಸೇರಿಸದೆ, ಆಯಾ ಭಾಗದ ನಕ್ಷೆಯ ಹಿಂದೆಯೇ ಇಡಿ.

ಉತ್ತರ 2 (ನಿವೃತ್ತ ಬ್ಯಾಂಕ್ ಉದ್ಯೋಗಿ, ಹಾಸನ)

ಎಂಜಿನಿಯರ್ ಅವರು ಸೈಟಿನ ಕಾಗದಗಳ ಬಗ್ಗೆ ಹೇಳಿದ್ದಾರೆ. ನಾನು ಹಕ್ಕಿನ ಕಾಗದಗಳ ಬಗ್ಗೆ ಹೇಳುತ್ತೇನೆ. ಇವೆರಡೂ ಒಂದೇ ಚೀಲದಲ್ಲಿ ಇರಲೇಬಾರದು. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಭೂಪರಿವರ್ತನೆಯ ಆದೇಶ, ಖಾತಾ, ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ವಿವರ), ಕಂದಾಯದ ರಸೀದಿಗಳು, ಇವು ಸೈಟಿಗೆ ಒಂದು ದಿನವೂ ಹೋಗಬೇಕಾಗಿಲ್ಲ. ಋಣಭಾರ ಪತ್ರದಲ್ಲಿ ವ್ಯವಹಾರಗಳಿದ್ದರೆ ಅದು ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಅವು ಯಾವ ಅವಧಿಯವು ಎಂಬುದನ್ನು ಲಕೋಟೆಯ ಮೇಲೆಯೇ ಬರೆದಿಡಿ, ಏಕೆಂದರೆ ನಡುವೆ ಕೆಲವು ವರ್ಷ ಬಿಟ್ಟುಹೋಗಿದ್ದರೂ ಸಾಲದ ಅರ್ಜಿ ಅಲ್ಲೇ ನಿಲ್ಲುತ್ತದೆ.

ಗೃಹಸಾಲ ಪಡೆದಿದ್ದರೆ ಮೂಲ ದಾಖಲೆಗಳು ಬ್ಯಾಂಕಿನಲ್ಲಿರುತ್ತವೆ. ಒಪ್ಪಿಸುವಾಗ ಒಂದೊಂದು ದಾಖಲೆಯ ಹೆಸರು, ದಿನಾಂಕ, ಪುಟಗಳ ಸಂಖ್ಯೆ ನಮೂದಿಸಿದ ಪಟ್ಟಿಗೆ ಶಾಖೆಯ ಮೊಹರು ಮತ್ತು ಸಹಿ ಪಡೆಯಿರಿ; ಬರಿಯ ‘ಕಡತ ಸ್ವೀಕರಿಸಲಾಗಿದೆ’ ಎಂಬ ಚೀಟಿ ಸಾಲದು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆದರೆ ಏನೇನು ಕೊಟ್ಟಿದ್ದಿರೆಂದು ತೋರಿಸಲು ನಿಮ್ಮ ಬಳಿ ಆ ಪಟ್ಟಿಯೇ ಇರಬೇಕು. ನನ್ನ ಸೇವೆಯ ಕಾಲದಲ್ಲಿ ಪಟ್ಟಿ ಇಟ್ಟುಕೊಳ್ಳದವರು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ.

ಉತ್ತರ 3 (ಗೃಹಿಣಿ, ತೀರ್ಥಹಳ್ಳಿ)

ನಮ್ಮ ಮನೆ ಮುಗಿದು ಆರು ವರ್ಷವಾಯಿತು. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯುವುದರಿಂದ ನಕ್ಷೆಗಳನ್ನು ಸುರುಳಿ ಸುತ್ತದೆ, ಸಂಖ್ಯೆಯ ಮೂಲೆ ಮೇಲೆ ಕಾಣುವಂತೆ ಮಡಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಟ್ಟಿದ್ದೇವೆ.

ಇದರ ಜೊತೆಗೆ ಫೋಟೋಗಳನ್ನೂ ದಾಖಲೆಯೆಂದೇ ಭಾವಿಸಿ. ಗೋಡೆಗೆ ಗಾರೆ ಮಾಡುವ ಮುನ್ನ ಪ್ರತಿ ಗೋಡೆಯ ಪೈಪು, ವೈರಿನ ಕೊಳವೆಗಳ ಪಕ್ಕ ಟೇಪು ಹಿಡಿದು, ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂದು ಕಾಣುವಂತೆ ತೆಗೆದುಕೊಂಡಿದ್ದೆವು. ಹೋದ ವರ್ಷ ಬಚ್ಚಲಿನ ಹಿಂಗೋಡೆ ಒದ್ದೆಯಾದಾಗ, ಬಿಸಿನೀರಿನ ಪೈಪಿನ ಎಲ್ಬೋ ಮೂಲೆಯಿಂದ 2 ಅಡಿ 4 ಇಂಚಿನಲ್ಲಿದೆ ಎಂದು ಫೋಟೋ ನೋಡಿ ಹೇಳಿದೆವು. ಪ್ಲಂಬರ್ ಒಂದೇ ಒಂದು ಟೈಲ್ ಒಡೆದರು, ಸೋರುತ್ತಿದ್ದುದು ಅಲ್ಲೇ. ನಕ್ಷೆಯಲ್ಲಿ ಆ ಪೈಪು ಎದುರಿನ ಗೋಡೆಯಲ್ಲಿತ್ತು, ಕೆಲಸದ ಹೊತ್ತಿನಲ್ಲಿ ಬದಲಾಯಿಸಿದ್ದನ್ನು ಯಾರೂ ಅದರಲ್ಲಿ ತಿದ್ದಿರಲಿಲ್ಲ.

ಮರುಪ್ರಶ್ನೆ (ಮೈಸೂರು)

ಮೂವರಿಗೂ ಕೃತಜ್ಞತೆಗಳು. ಭಾನುವಾರ ಇಬ್ಬರೂ ಕುಳಿತು ಚೀಲವನ್ನು ಬಿಚ್ಚಿದೆವು. ಒಂದೇ ಫುಟಿಂಗ್ (ಕಾಲಂನ ಬುಡದ ಪಾಯ) ನಕ್ಷೆಯ ಮೂರು ಆವೃತ್ತಿಗಳು ಸಿಕ್ಕಿದವು, ಒಂದರಲ್ಲಿ ದಿನಾಂಕವೇ ಇರಲಿಲ್ಲ. ನೋಟ್‌ಬುಕ್ ತಂದಿದ್ದೇವೆ, ಮೇಸ್ತ್ರಿಯವರು ಮೊದಲ ಸಾಲಿಗೆ ಸಹಿ ಹಾಕಿದ್ದಾರೆ. ರದ್ದಾದ ಹಾಳೆಗಳನ್ನು ಮನೆ ಮುಗಿದ ಮೇಲೆ ಹರಿದುಹಾಕಬಹುದೇ?

ಉತ್ತರ 1

ಗುತ್ತಿಗೆದಾರರ ಅಂತಿಮ ಬಿಲ್ಲು ಚುಕ್ತಾ ಆಗುವವರೆಗೆ ಹರಿಯಬೇಡಿ. ಹೆಚ್ಚುವರಿ ಕೆಲಸವೆಂದು ಅವರು ಹಣ ಕೇಳಿದಾಗ, ಅದು ಮೊದಲ ನಕ್ಷೆಯಲ್ಲೇ ಇತ್ತೋ ಅಥವಾ ಆಮೇಲೆ ಸೇರಿತೋ ಎಂಬುದನ್ನು ಆ ಹಾಳೆಗಳು ಮಾತ್ರ ಹೇಳಬಲ್ಲವು. ದಿನಾಂಕವಿಲ್ಲದ ಹಾಳೆಯನ್ನು ಮಾತ್ರ ಇಂದೇ ನಿಮ್ಮ ಎಂಜಿನಿಯರ್‌ಗೆ ತೋರಿಸಿ, ಅದು ಎಷ್ಟನೆಯ ತಿದ್ದುಪಡಿಯೆಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.