ತಂಗಿಗೆ ತೊನ್ನು ಅಂದರು ಡಾಕ್ಟರ್, ಮೈಯೆಲ್ಲಾ ಹಬ್ಬುತ್ತಾ?

ಹಾಸನದವ:
ತಂಗಿಗೆ 14 ವರ್ಷ. ಮೊದಲು ಎರಡೂ ಮಂಡಿ ಮೇಲೆ ಬಿಳಿ ಮಚ್ಚೆ ಬಂತು, ಈಗ ಮೊಣಕೈ ಮೇಲೂ ತುಟಿ ಅಂಚಿಗೂ ಶುರುವಾಗಿದೆ. ಡಾಕ್ಟರ್ ತೊನ್ನು ಅಂತ ಹೇಳಿ ಕ್ರೀಮ್ ಬರೆದುಕೊಟ್ಟರು, ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಏನೂ ಕೇಳೋಕೆ ಆಗಲಿಲ್ಲ. ನಮ್ಮ ಮನೇಲಿ ಯಾರಿಗೂ ಇಲ್ಲ. ಹುಡುಗಿಯರಿಗೇ ಇದು ಜಾಸ್ತಿ ಅಂತಾರೆ ಮಾವ. ಅಜ್ಜಿ ಆಗಲೇ ಮಜ್ಜಿಗೆ, ನಿಂಬೆಹಣ್ಣು, ಮೀನು ಎಲ್ಲಾ ನಿಲ್ಲಿಸಿಬಿಟ್ಟಿದ್ದಾರೆ.

ಚರ್ಮ ವಿಭಾಗದ ಪಿಜಿ:
14 ವರ್ಷಕ್ಕೆ ಬರುವುದು ಅಪರೂಪವೇನಲ್ಲ. ಹೆಚ್ಚುಕಡಿಮೆ ಅರ್ಧ ಜನಕ್ಕೆ 20 ದಾಟುವ ಮೊದಲೇ ಶುರುವಾಗುತ್ತದೆ. ಮಾವನ ಮಾತು ಬಿಡಿ, ಗಂಡು ಹೆಣ್ಣು ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ಒಪಿಡಿಯಲ್ಲಿ ಹೆಣ್ಣುಮಕ್ಕಳು ಜಾಸ್ತಿ ಕಾಣುತ್ತಾರೆ ನಿಜ, ಮದುವೆ ಚಿಂತೆಗೆ ಮನೆಯವರು ಬೇಗ ಕರೆದುಕೊಂಡು ಬರುತ್ತಾರೆ, ಅಷ್ಟೇ. ಮನೆಯಲ್ಲಿ ಯಾರಿಗೂ ಇಲ್ಲದಿರುವುದೂ ಮಾಮೂಲಿ. ಅಚ್ಚು ಒಂದೇ ಥರದ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲಿ ಒಂದು ಜೋಡಿಗೆ ಮಾತ್ರ.

ನೀವು ನೋಡಬೇಕಾದ್ದು ಯಾವ ಥರದ್ದು ಅನ್ನುವುದನ್ನು. ಮೈಯ ಒಂದೇ ಪಕ್ಕ ಪಟ್ಟಿ ಥರ ಬರುವ ಬಗೆ ಮಕ್ಕಳಲ್ಲಿ ಹೆಚ್ಚು, ವರ್ಷ ಎರಡು ವರ್ಷ ಜೋರಾಗಿ ಹಬ್ಬಿ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ನಿಮ್ಮ ತಂಗಿಯದು ಎರಡೂ ಕಡೆ ಇದೆ. ಇದು ಸ್ವಲ್ಪ ದಿನ ಸುಮ್ಮನಿರುತ್ತದೆ, ಮತ್ತೆ ಹೊರಡುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಮಾತು ಕೊಡಲಾರರು. ಆದರೆ ಮೈಯೆಲ್ಲಾ ಬೆಳ್ಳಗಾಗುವುದು ತೀರಾ ಕಡಿಮೆ. ಮಂಡಿ, ಮೊಣಕೈ ಸದಾ ಉಜ್ಜುವ, ತರಚುವ ಜಾಗ. ತರಚಿದ ಗೆರೆ ಹಾಗೇ ಬೆಳ್ಳಗಾಗುತ್ತಿದ್ದರೆ ತೊನ್ನು ಇನ್ನೂ ಹಬ್ಬುತ್ತಿದೆ ಎಂದು ಅರ್ಥ, ಡಾಕ್ಟರಿಗೆ ಮರೆಯದೆ ಹೇಳಿ. ಥೈರಾಯ್ಡ್ ತೊಂದರೆ ಜೊತೆಗಿರುವುದುಂಟು, ಅದಕ್ಕೆ ಟಿಎಸ್‌ಎಚ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ.

ಬೆಣ್ಣೆನಗರಿ:
ಇನ್ನೊಂದು, ಸ್ಟಿಕರ್ ಬಿಂದಿ ಇಡ್ತಾಳಾ? ನಮ್ಮ ಅತ್ತೆಗೆ ಹಣೆಯಲ್ಲಿ ಬಿಂದಿಯಷ್ಟೇ ದುಂಡಗೆ ಬೆಳ್ಳಗಾಗಿತ್ತು, ಅದರ ಅಂಟಿನಿಂದ ಅಂದರು ಡಾಕ್ಟರ್. ರಬ್ಬರ್ ಚಪ್ಪಲಿ ಪಟ್ಟಿಯಿಂದಲೂ ಕೆಲವರಿಗೆ ಆಗುತ್ತಂತೆ.

ಕಾಲೇಜಿಂದ ಜೊತೆಗಿದೆ:
ನನಗೂ ಇದೆ. ವಾರಕ್ಕೆ ಎರಡು ಸಲ ಯುವಿಬಿ ಲೈಟ್ (ಚರ್ಮಕ್ಕೆ ಬಿಡುವ ನೇರಳಾತೀತ ಬೆಳಕಿನ ಚಿಕಿತ್ಸೆ) ಕೊಡಿಸಿಕೊಂಡೆ. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ, ಆಮೇಲೆ ಕೆನ್ನೆಯ ಬಿಳಿ ಜಾಗದಲ್ಲಿ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕೆ ಎದ್ದವು, ಹಾಗೇ ಕೂಡಿಕೊಂಡವು. ಬೆರಳ ತುದಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಯಾರಾದರೂ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ನಿಲ್ಲಿಸಿ ಅಂದರೆ ಕೇಳಬೇಡಿ, ಬೊಬ್ಬೆ ಬರುತ್ತದೆ.

ಹಾಸನದವ:
ಮಂಡಿ ಮಚ್ಚೆಯಲ್ಲಿ ಕೂದಲು ಕಪ್ಪಗೇ ಇದೆ. ಅದೇನಾದರೂ ಲೆಕ್ಕಕ್ಕೆ ಬರುತ್ತಾ?

ಚರ್ಮ ವಿಭಾಗದ ಪಿಜಿ:
ಬರುತ್ತದೆ, ಒಳ್ಳೆಯದೇ. ಬಣ್ಣ ವಾಪಸ್ ಬರುವುದು ಕೂದಲ ಬುಡದಿಂದ, ಕೂದಲೂ ಬೆಳ್ಳಗಾದರೆ ಕಷ್ಟ. ಕೂದಲಿಲ್ಲದ ತುಟಿ, ಬೆರಳ ತುದಿ ಹಠ ಮಾಡುವುದು ಅದಕ್ಕೇ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದೇ ಬೆಳಕಿನಲ್ಲಿ ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ, ಮುಂದಿನ ಸಲ ತೋರಿಸಿ. ಮಜ್ಜಿಗೆ, ಮೀನು ಇವತ್ತಿಂದಲೇ ಕೊಡಿ, ಅಜ್ಜಿಗೆ ನಾನು ಹೇಳಿದೆ ಅನ್ನಿ.