ಸಹಾಯ ಬೇಕು: ಅಧ್ಯಾಪಕರಿಗೆ ಆನ್‌ಲೈನ್ ಪಾಠ, ಪರೀಕ್ಷೆಯ ತರಬೇತಿ

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ಕನ್ನಡ, ಇತಿಹಾಸ ವಿಭಾಗಗಳ 24 ಅಧ್ಯಾಪಕರಿಗೆ ಮೂಡಲ್‌ನಲ್ಲಿ (ಆನ್‌ಲೈನ್ ಪಾಠ, ಪರೀಕ್ಷೆಗೆ ಬಳಸುವ ತಂತ್ರಾಂಶ) ಪಾಠ ಮಾಡುವುದು, ಪರೀಕ್ಷೆ ನಡೆಸುವುದು ಹೇಗೆ ಅಂತ 5 ದಿನ ಹೇಳಿಕೊಡಬೇಕು. ಮುಂದಿನ ತಿಂಗಳೇ ಶುರು. ಇಂಥದ್ದು ನಡೆಸಿದವರು ಇದ್ದರೆ ದಯವಿಟ್ಟು ಸಲಹೆ ಕೊಡಿ.

2020ರ ಲಾಕ್‌ಡೌನ್‌ನಲ್ಲಿ ನಾವು ಜೂಮ್‌ನಲ್ಲಿ ಒಂದು ಗಂಟೆ ಮಾತಾಡಿ ಅದನ್ನೇ ಆನ್‌ಲೈನ್ ಪಾಠ ಅಂದುಕೊಂಡೆವು. ಮಕ್ಕಳಿಗೆ ಎಷ್ಟು ಅರ್ಥವಾಯಿತು ಅಂತ ನೋಡಲೇ ಇಲ್ಲ. ಆ ಬೇಸರ ನನಗಿನ್ನೂ ಹೋಗಿಲ್ಲ.

ಕಳೆದ ವಾರ ಹಿರಿಯ ಮೇಡಂ ಒಬ್ಬರ ಜೊತೆ ಕೂತಿದ್ದೆ. ಅವರು ವರ್ಷಗಟ್ಟಲೆ 'ನುಡಿ' ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಗಳನ್ನು ಕಾಪಿ ಮಾಡಿ ಮೂಡಲ್‌ಗೆ ಹಾಕಿದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೆ ಆಸ್ಕಿ ಫಾಂಟ್ ಅಲ್ವಾ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ರೂಪ ಕೊಟ್ಟದ್ದು), ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಕನ್ವರ್ಟರ್‌ಗೆ ಹಾಕಿದೆ, ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಟ್ಟವು. ಮೇಡಂ ಕನ್ನಡಕ ತೆಗೆದಿಟ್ಟು, "ನನ್ನ ಕೈಲಿ ಆಗಲ್ಲ ಬಿಡಿ" ಅಂದರು. ಅಷ್ಟು ಚೆನ್ನಾಗಿ ಪಾಠ ಮಾಡುವವರು ಹಾಗನ್ನಬಾರದು.

ನುಡಿ ಫೈಲ್‌ಗಳನ್ನು ತಪ್ಪಿಲ್ಲದೆ ಬದಲಾಯಿಸಲು ನೀವು ಏನು ಬಳಸುತ್ತೀರಿ? ಇನ್ನೊಂದು, ಇದೇ ಮುಖ್ಯ: ಬಹು ಆಯ್ಕೆ ಪ್ರಶ್ನೆಯನ್ನು ಮೂಡಲ್ ತಾನೇ ತಿದ್ದುತ್ತದೆ, ಆದರೆ 10 ಅಂಕದ ಪ್ರಬಂಧವನ್ನು ನಾವೇ ಓದಬೇಕು. ಅದಕ್ಕೆ ರೂಬ್ರಿಕ್ (ಯಾವ ಅಂಶಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ಮಾಡಿದ್ದೀರಾ? ವಿಷಯಕ್ಕೆ ಎಷ್ಟು, ಭಾಷೆಗೆ ಎಷ್ಟು ಅಂಕ ಇಟ್ಟಿರಿ? ಕನ್ನಡದಲ್ಲಿರುವ ಒಂದು ಮಾದರಿ ಸಿಕ್ಕರೂ ಸಾಕು.

ನಮ್ಮ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಮೊಬೈಲ್‌ನಲ್ಲೇ ಬರೆಯುವವರು, ಅದನ್ನೂ ನೆನಪಲ್ಲಿಟ್ಟು ಹೇಳಿ.