ಅಪ್‌ಡೇಟ್: ಜಾರ್ಜಿಯಾದ ಊಟ ಕೊನೆಗೂ ಒಗ್ಗಿತು

ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್‌ಗೆ ಬಂದ ಹೊಸದರಲ್ಲಿ, "ನಾನು ಸಸ್ಯಾಹಾರಿ, ಇಲ್ಲಿ ಹೊರಗೆ ಏನು ತಿನ್ನಲಿ?" ಎಂದು ಕೇಳಿದ್ದೆ. ಈಗ ಎಂಟು ತಿಂಗಳಾಯಿತು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಗ್ರಿಟ್ಸ್ ತಿಂದು ನೋಡಿ ಅಂದಿದ್ರಿ. ಅದು ಗೋವಿನಜೋಳದ ನುಚ್ಚು! ಧಾರವಾಡದಲ್ಲಿ ಅಜ್ಜಿ ಮಾಡುತ್ತಿದ್ದ ಜೋಳದ ನುಚ್ಚಿಗೆ ತುಂಬಾ ಹತ್ತಿರ. ಮನೆಯಲ್ಲಿ ಬೇಯಿಸಿ, ಮಜ್ಜಿಗೆ ಹಾಕಿಕೊಂಡು ತಿಂದೆ. ಕಣ್ಣು ತುಂಬಿ ಬಂತು. ರಸ್ತೆ ಬದಿ ಮಾರುವ ಬೇಯಿಸಿದ ಶೇಂಗಾ ಕೂಡ ನಮ್ಮದೇ ರುಚಿ, ಉಪ್ಪು ಸ್ವಲ್ಪ ಜಾಸ್ತಿ.

ಎಚ್ಚರ ಬೇಕಾದ್ದು ಸೊಪ್ಪಿನ ವಿಷಯದಲ್ಲಿ. ಕಾಲರ್ಡ್ ಸೊಪ್ಪು (ಎಲೆಕೋಸಿನ ಜಾತಿಯ ಅಗಲ ಎಲೆ), ಅಲಸಂದೆ ಕಾಳನ್ನು ಹಂದಿಮಾಂಸ ಹಾಕಿ ಬೇಯಿಸುವುದು ಇಲ್ಲಿನ ವಾಡಿಕೆ. ಒಮ್ಮೆ ಕೇಳದೆ ತಿಂದು ಬಹಳ ನೊಂದುಕೊಂಡೆ. ಈಗ ಮೊದಲೇ ಕೇಳುತ್ತೇನೆ. ಸೊಪ್ಪನ್ನು ಮನೆಗೆ ತಂದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇನೆ. ದಪ್ಪ ದಂಟು ತೆಗೆದುಬಿಡಿ, ಬೇಗ ಬೇಯುತ್ತದೆ.

ಇಲ್ಲಿ ಗುರುತಿಲ್ಲದವರೂ ಕೈ ಬೀಸುತ್ತಾರೆ. ಹಿರಿಯರಿಗೆ "ಯೆಸ್ ಮ್ಯಾಮ್" ಅನ್ನುವುದು ನಮ್ಮ "ಹೌದ್ರಿ" ಇದ್ದಂತೆ. ಜನವರಿ 1ರಂದು ಅದೃಷ್ಟಕ್ಕೆಂದು ಅಲಸಂದೆ ತಿನ್ನುವ ಪದ್ಧತಿ ಇದೆ. ಪಕ್ಕದ ಮನೆಯ ಅಜ್ಜಿ ನನಗಾಗಿ ಮಾಂಸವಿಲ್ಲದೆ ಬೇರೆಯೇ ಬೇಯಿಸಿ ಕೊಟ್ಟರು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಲ್ವಾ? ಶೇಂಗಾ ಹೋಳಿಗೆ ತುಂಬಿ ಕೊಟ್ಟು ಬಂದೆ.